ಹತ್ತೊಂಬತ್ತು ಸಹ

ಗ್ರಂಥಾಲಯ ನೇಮಕಾತಿ ಪರೀಕ್ಷೆಯಲ್ಲಿ ಮೂರನೆಯ ಸಲವೂ ತಂಗಿ ಅಡಗಿದ ಊಹೆಗಳಲ್ಲೇ ಮುಗ್ಗರಿಸಿದಳು. ಸಾಮಾನ್ಯ ಜ್ಞಾನದಲ್ಲಿ ತೊಂಬತ್ತೊಂದು, ಭಾಷೆಯಲ್ಲಿ ಎಂಬತ್ತೆಂಟು, ಗ್ರಂಥಾಲಯದ ವಿಷಯದಲ್ಲಂತೂ ಇಡೀ ಪರೀಕ್ಷೆಗೇ ಎರಡನೆಯವಳು. ಈ ಊಹೆಗಳನ್ನು ಹುಡುಕುವ ತರ್ಕದ ಭಾಗದಲ್ಲಿ ಮಾತ್ರ ಇಪ್ಪತ್ತಕ್ಕೆ ಹನ್ನೊಂದು. ಆ ಭಾಗದಲ್ಲಿ ಹನ್ನೆರಡು ಬಾರದಿದ್ದವರು ಉಳಿದದ್ದರಲ್ಲಿ ಬೆಟ್ಟದಷ್ಟು ಅಂಕ ತೆಗೆದಿದ್ದರೂ ಹೊರಗೆ. ಒಂಬತ್ತು ವರ್ಷದಿಂದ ಅದೇ ಗ್ರಂಥಾಲಯದಲ್ಲಿ ತಾತ್ಕಾಲಿಕವಾಗಿ ದುಡಿಯುತ್ತ, ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೆಯ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವಳನ್ನು ಒಂದೇ ಒಂದು ಅಂಕ ಬಾಗಿಲಾಚೆ ನಿಲ್ಲಿಸಿತು. ಮುಂದಿನ ವರ್ಷ ಅವಳಿಗೆ ನಲವತ್ತು ತುಂಬುತ್ತದೆ. ಆಮೇಲೆ ಪರೀಕ್ಷೆಗೆ ವಯಸ್ಸು ಮೀರುತ್ತದೆ, ಉಳಿದದ್ದು ಒಂದೇ ಅವಕಾಶ. ಕಾಯಂ ನೌಕರರು ಬಂದ ದಿನವೇ ತಾತ್ಕಾಲಿಕದವರನ್ನು ಮನೆಗೆ ಕಳಿಸುವುದೆಂದು ಆದೇಶವೂ ಆಗಿಬಿಟ್ಟಿತ್ತು.

ಅಣ್ಣನಾದವನಿಗೆ ಇದು ತನ್ನದೇ ಸೋಲಿನಂತಾಯಿತು. ಏಕೆಂದರೆ ಅಡಗಿದ ಊಹೆಗಳ ಪ್ರಶ್ನೆ ಬರೆಯುವುದೇ ಅವನ ಕಸುಬು. ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅವನು ಪ್ರಶ್ನೆಕಾರ. ಅಲ್ಲಿ ಅವನಿಗೆ ಇಟ್ಟಿದ್ದ ಹೆಸರು ಊಹೆರಾಯ. ಮೊದಲು ಗೇಲಿಗೆ ಇಟ್ಟದ್ದು, ಆಮೇಲೆ ಎಲ್ಲರ ಬಾಯಲ್ಲೂ ನಿಂತುಹೋಯಿತು, ಅವನಿಗೂ ಒಳಗೊಳಗೇ ಹಿಡಿಸಿತು. ಒಬ್ಬ ಮನುಷ್ಯ ಒಂದು ಮಾತು ಆಡುವಾಗ, ಬಾಯಿ ಬಿಟ್ಟು ಹೇಳದೆ, ಯಾವುದನ್ನು ನಿಜವೆಂದು ಎಣಿಸಿಕೊಂಡಿರುತ್ತಾನೆ? ಅದನ್ನು ನಾಲ್ಕು ಆಯ್ಕೆಗಳ ನಡುವೆ ಬಚ್ಚಿಡುವುದು ಅವನ ಕೆಲಸ, ಹುಡುಕುವುದು ಪರೀಕ್ಷೆ ಬರೆಯುವವರ ಕೆಲಸ. ಅವನ ಪ್ರಶ್ನೆಗಳಿಗೆ ಸಾವಿರಾರು ಮಂದಿ ಬೆವರಿದ್ದರು. ಇಂಥ ಪ್ರಶ್ನೆಗಳಿಗೆ ಸೋಲುವವರಲ್ಲಿ ಒಬ್ಬಳು ತನ್ನ ಮನೆಯ ಹುಡುಗಿಯೇ ಆಗಬೇಕೆ?

ದಡ್ಡಿಯಾಗಿದ್ದರೆ ಅವನು ಇಷ್ಟು ನೋಯುತ್ತಿರಲಿಲ್ಲ. ಫಲಿತಾಂಶ ಬಂದ ವಾರದ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅವಳು ಬರೆದ ಪ್ರಶ್ನೆಪತ್ರಿಕೆ ಹರಡಿ ಅವಳನ್ನು ಎದುರಿಗೆ ಕೂರಿಸಿಕೊಂಡ.

“ನೋಡು ಮರೀ. ‘ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಇವತ್ತೇ ತುಂಬಿಸಿಟ್ಟುಕೊಳ್ಳಿ’ ಅಂತ ಪ್ರಕಟಣೆ. ಇದರಲ್ಲಿ ಅಡಗಿರೋ ಊಹೆ ಏನು?”

“ಜನರ ಹತ್ರ ತುಂಬಿಸಿಡೋಕೆ ಪಾತ್ರೆ ಇದೆ ಅನ್ನೋದು.”

“ಸರಿಯಾಗಿದೆಯಲ್ಲ! ಮತ್ಯಾಕೆ ಅದಕ್ಕೆ ಗುರುತು ಹಾಕಲಿಲ್ಲ?”

“ಎಲ್ಲರ ಹತ್ರಾನೂ ಇರಲ್ಲ ಅಣ್ಣ. ನಮ್ಮ ಹಿಂದಿನ ಮನೆಯವರ ಹತ್ರ ಇರೋದೇ ಒಂದು ಬಕೆಟ್ಟು. ಅದೂ ತೂತು.”

“ಇದೆಯೋ ಇಲ್ಲವೋ ಅಂತ ನಿನ್ನ ಯಾರು ಕೇಳಿದ್ರು? ಪ್ರಕಟಣೆ ಬರೆದೋನು ಇದೆ ಅಂದ್ಕೊಂಡಿದಾನೆ. ಅಷ್ಟೇ ಪ್ರಶ್ನೆ.”

“ಹಾಗಾದ್ರೆ ಅವನು ಅಂದ್ಕೊಂಡಿದ್ದೇ ತಪ್ಪಲ್ವಾ?”

ಒಲೆಯ ಮುಂದೆ ನಿಂತಿದ್ದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. “ಅವಳು ಹೇಳ್ತಿರೋದು ಸರಿಯಾಗೇ ಇದೆಯಲ್ಲೋ. ಮತ್ಯಾಕೆ ಫೇಲು ಮಾಡಿದ್ರಿ?”

ಆ ‘ಮಾಡಿದ್ರಿ’ ಅವನಿಗೆ ಚುಚ್ಚಿತು. ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಆರು ವರ್ಷದ ಹುಡುಗನನ್ನು ಮನೆಗೆ ಕರೆತಂದು, ತನ್ನ ಮಗಳಿಗೊಂದು ಅವನಿಗೊಂದು ಎಂದು ಎಂದೂ ಭೇದ ಮಾಡದೆ ಸಾಕಿದವಳು ಈ ಚಿಕ್ಕಮ್ಮ. ಜೀವಮಾನದಲ್ಲಿ ಅವಳು ಅವನನ್ನು ಏನೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಪ್ರಶ್ನೆಯ ಹಾಗೆ ಒಂದು ಮಾತು ಆಡಿ ಒಲೆಯ ಕಡೆ ತಿರುಗಿದಳು, ಅವನು ಮಾತ್ರ ಆ ಬೆನ್ನನ್ನೇ ನೋಡುತ್ತ ಕುಳಿತ.

ಅದಾದ ಎರಡು ತಿಂಗಳಿಗೆ ಅವನ ಮೇಜಿಗೆ ಒಂದು ಲಕೋಟೆ ಬಂತು. ಕಚೇರಿಯಲ್ಲಿ ಮೂವತ್ತು ಜನ ಪ್ರಶ್ನೆಕಾರರು, ಯಾರಿಗೆ ಯಾವ ಪತ್ರಿಕೆ ಎನ್ನುವುದು ಸರದಿಯಂತೆ ಬರುತ್ತದೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಲಕೋಟೆಯಲ್ಲಿದ್ದದ್ದು: ಗ್ರಂಥಾಲಯ ನೌಕರರ ನೇಮಕಾತಿ, ತರ್ಕದ ಭಾಗ, ಇಪ್ಪತ್ತು ಪ್ರಶ್ನೆ. ಜೊತೆಗೆ ಸಹಿ ಹಾಕಬೇಕಾದ ಒಂದು ಘೋಷಣೆ. ‘ನನ್ನ ಪತ್ನಿ ಅಥವಾ ಪತಿ, ಮಕ್ಕಳು, ಒಡಹುಟ್ಟಿದವರು, ಇವರಲ್ಲಿ ಯಾರೂ ಈ ಪರೀಕ್ಷೆ ಬರೆಯುತ್ತಿಲ್ಲ.’

ಅವನು ಆ ಸಾಲನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಒಂದು ಬಗೆಯ ನಗು ಬಂತು. ಒಡಹುಟ್ಟಿದವರು! ಚಿಕ್ಕಪ್ಪನ ಮಗಳನ್ನು ಲೋಕವೆಲ್ಲ ತಂಗಿ ಎನ್ನುತ್ತದೆ, ಅವಳೂ ಅಣ್ಣ ಎಂದೇ ಕೂಗುತ್ತಾಳೆ, ಮನೆಯಲ್ಲಿ ಆ ಮಾತಿನ ನಡುವೆ ಕೂದಲೆಳೆ ತೂರುವಷ್ಟೂ ಸಂದಿಲ್ಲ. ಆದರೆ ಒಂದೇ ಒಡಲಲ್ಲಿ ಹುಟ್ಟಿದವಳು ಅಂತೂ ಅಲ್ಲ. ಘೋಷಣೆ ಬರೆದವನು ತಂಗಿಯೆಂದರೆ ಒಡಹುಟ್ಟಿದವಳೇ ಎಂದು ಊಹಿಸಿಕೊಂಡಿದ್ದ, ಪಾಪ. ಊಹೆರಾಯ ಒಂದಕ್ಷರವೂ ಸುಳ್ಳು ಹೇಳದೆ ಸಹಿ ಹಾಕಿದ.

ಪತ್ರಿಕೆ ಬೇಡವೆಂದು ವಾಪಸು ಕೊಟ್ಟು, ಸಂಜೆ ಮನೆಗೆ ಹೋಗಿ ನ್ಯಾಯವಾಗಿಯೇ ಪಾಠ ಹೇಳಿಕೊಡಬಹುದಿತ್ತು. ಹೇಳಿಕೊಟ್ಟೂ ಇದ್ದ, ಮೂರು ವರ್ಷ. ಪ್ರತಿ ಪ್ರಶ್ನೆಯಲ್ಲೂ ಅವಳಿಗೆ ಆ ತೂತು ಬಕೆಟ್ಟೇ ಕಾಣುತ್ತಿತ್ತು. ಅವಳ ತಲೆ ತರ್ಕಕ್ಕೆ ಒಗ್ಗುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ, ತೀರ್ಮಾನದ ಮೇಲೆ ಮತ್ತೆ ಕೈಯಿಡುವ ಅಭ್ಯಾಸ ಅವನಿಗಿರಲಿಲ್ಲ.

ಪ್ರಶ್ನೆಪತ್ರಿಕೆ ಕದ್ದು ಹೊರಗೆ ತರುವುದು ಕಳ್ಳರ ಕೆಲಸ. ಹಾಗೆ ತಂದವರೆಲ್ಲ ಸಿಕ್ಕಿಬಿದ್ದಿದ್ದರು, ಏಕೆಂದರೆ ತಂದ ಕಾಗದ ಎಲ್ಲೋ ಒಂದು ಕಡೆ ಇರುತ್ತದೆ, ಅದನ್ನು ಓದಿದವನಿಗೆ ಬಾಯಿಯೂ ಇರುತ್ತದೆ. ಉತ್ತರಗಳ ಸಂಖ್ಯೆ ಹೇಳಿಕೊಟ್ಟರೂ ಉಪಯೋಗವಿಲ್ಲ, ಯಂತ್ರ ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ಕಲಸಿ ನಾಲ್ಕು ಬಗೆಯ ಪತ್ರಿಕೆ ಮಾಡುತ್ತದೆ. ಇನ್ನು ತಂಗಿ. ಅವಳಿಗೆ ಮೋಸವೆಂದು ತಿಳಿದರೆ ಅವಳೇ ಹೋಗಿ ಹೇಳಿಬಿಡುವ ಪೈಕಿ. ಆದ್ದರಿಂದ ಏನನ್ನೂ ಹೊರಗೆ ತರಬಾರದು. ಯಾರಿಗೂ ಗೊತ್ತಾಗಬಾರದು. ತಂಗಿಗಂತೂ ಗೊತ್ತಾಗಲೇಬಾರದು.

ನಾಲ್ಕು ದಿನ ಯೋಚಿಸಿದ ಮೇಲೆ ಅವನಿಗೆ ಹೊಳೆದದ್ದು ಎರಡಕ್ಷರದ ಒಂದು ಮಾತು. ಸಹ.

ಇಪ್ಪತ್ತು ಪ್ರಶ್ನೆ, ಎಂಬತ್ತು ಆಯ್ಕೆ. ಸರಿಯಾದ ಆಯ್ಕೆಯೊಳಗೆ ಮಾತ್ರ ಎಲ್ಲೋ ಒಂದು ಕಡೆ ‘ಸಹ’ ಬರಬೇಕು. ತಪ್ಪು ಆಯ್ಕೆಗಳಲ್ಲಿ ಆ ಅರ್ಥ ಬೇಕಾದ ಕಡೆ ‘ಕೂಡ’ ಬರಬೇಕು. ‘ಬಸ್ ನಿಲ್ದಾಣದಲ್ಲಿ ಹೊಸ ವೇಳಾಪಟ್ಟಿ ಅಂಟಿಸಲಾಗಿದೆ’ ಎಂಬುದು ಹೇಳಿಕೆಯಾದರೆ, ‘ಬಸ್ಸುಗಳು ಸಹ ಆ ವೇಳೆಗೆ ಬರುತ್ತವೆ’ ಎಂಬುದು ಉತ್ತರ. ಎರಡು ಮಾತಿಗೂ ಅರ್ಥ ಒಂದೇ, ಓದುವವರ ನಾಲಿಗೆಗೂ ಕಣ್ಣಿಗೂ ಎರಡೂ ಸಲೀಸು. ಯಂತ್ರ ಎಷ್ಟು ಬೇಕಾದರೂ ಕಲಸಲಿ, ಮಾತು ತನ್ನ ಆಯ್ಕೆಯನ್ನು ಬಿಟ್ಟು ಕದಲುವುದಿಲ್ಲ.

ಅಡ್ಡ ಬರಬಹುದಾಗಿದ್ದವರು ಒಬ್ಬರೇ. ಮುಖ್ಯ ಪರಿಶೀಲಕರು. ಕಚೇರಿಯ ಭಾಷೆಯಲ್ಲಿ ಕೆಂಪು ಶಾಯಿ ಮೇಡಂ. ಎಲ್ಲರ ಪತ್ರಿಕೆಗಳನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ತರ್ಕ ತಪ್ಪಿದ್ದರೆ ತರ್ಕ, ಅಲ್ಪವಿರಾಮ ತಪ್ಪಿದ್ದರೆ ಅಲ್ಪವಿರಾಮ, ಯಾವುದನ್ನೂ ಬಿಡದವರು. ಅವನು ಹನ್ನೊಂದು ವರ್ಷದಲ್ಲಿ ಅವರು ತಿದ್ದಿದ ತನ್ನ ಪತ್ರಿಕೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದ. ‘ಸಹ’ದ ಮೇಲೆ ಅವರ ಶಾಯಿ ಒಮ್ಮೆಯೂ ಬಿದ್ದಿರಲಿಲ್ಲ. ಆದರೆ ‘ಕೂಡಾ’ ಎಂದು ಎಳೆದು ಬರೆದರೆ ಅವರಿಗೆ ಮೈಯೆಲ್ಲ ಉರಿ, ದೀರ್ಘವನ್ನು ಹೊಡೆದು ‘ಕೂಡ’ ಮಾಡುವವರೆಗೂ ಸಮಾಧಾನವಿಲ್ಲ. ಹಾಗಾಗಿ ತಪ್ಪು ಆಯ್ಕೆಗಳಲ್ಲೆಲ್ಲ ಅವನು ಬೇಕೆಂದೇ ‘ಕೂಡಾ’ ಎಂದು ಬರೆದ. ಹೊಡೆಯುತ್ತ ಕೂರಲಿ, ಕಣ್ಣು ಅತ್ತ ಇರಲಿ.

ಐದು ದಿನ ಬೀಗದ ಕೋಣೆಯಲ್ಲಿ ಕುಳಿತು ಪತ್ರಿಕೆ ಬರೆದು ಕೊಟ್ಟ. ವಾರದ ನಂತರ ಮೇಡಂ ಕರೆಸಿದರು.

“ಊಹೆರಾಯರೇ, ಹನ್ನೊಂದು ವರ್ಷದಿಂದ ಹೇಳ್ತಿದೀನಿ. ‘ಕೂಡ’ಕ್ಕೆ ಬಾಲ ಬೇಡ ಅಂತ. ಇಪ್ಪತ್ಮೂರು ಕಡೆ ಹೊಡೆದೆ.”

“ಕೈ ತಪ್ಪಿಹೋಯ್ತು ಮೇಡಂ.”

“ಪ್ರಶ್ನೆಗಳು ಮಾತ್ರ ಚೆನ್ನಾಗಿವೆ. ಇಷ್ಟು ಅಚ್ಚುಕಟ್ಟಾಗಿ ನೀವು ಯಾವತ್ತೂ ಬರೆದಿರಲಿಲ್ಲ.”

ಅವನಿಗೆ ನಿಜವಾಗಿಯೂ ಖುಷಿಯಾಯಿತು, ಹೊಗಳಿಕೆ ಯಾರಿಗೆ ಬೇಡ? ಕಚೇರಿಯ ಇನ್ನೊಂದು ಪದ್ಧತಿಯನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಇಪ್ಪತ್ತರಲ್ಲಿ ಯಾವುದಾದರೂ ಒಂದನ್ನು ಕಿತ್ತುಹಾಕಿ ಮೇಡಂ ತಾವೇ ಬರೆದ ಒಂದು ಮೀಸಲು ಪ್ರಶ್ನೆ ಸೇರಿಸುತ್ತಾರೆ, ಯಾವುದೆಂದು ಅಚ್ಚಾಗಿ ಬರುವವರೆಗೆ ಪ್ರಶ್ನೆಕಾರನಿಗೂ ಗೊತ್ತಿರುವುದಿಲ್ಲ. ಇರಲಿ. ಹತ್ತೊಂಬತ್ತು ಬಂದರೆ ಧಾರಾಳ. ಇಪ್ಪತ್ತಕ್ಕೆ ಇಪ್ಪತ್ತು ಬಂದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಒಂದು ಹೋದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ಒಂದು ಪ್ರಶ್ನೆ ತನ್ನ ಯೋಜನೆಗೆ ಮೇಡಂ ಕೈಯಾರೆ ಇಟ್ಟ ದೃಷ್ಟಿಬೊಟ್ಟು ಎಂದುಕೊಂಡು ಅವನು ನಕ್ಕ.

ಮನೆಯಲ್ಲಿ ಪಾಠ ಶುರುವಾಯಿತು. ನಲವತ್ತು ದಿನ, ದಿನಕ್ಕೊಂದು ಹಾಳೆ, ಹಾಳೆಗೆ ನಾಲ್ಕು ಪ್ರಶ್ನೆ. ಎಲ್ಲ ಹೊಸದು, ಪರೀಕ್ಷೆಯಲ್ಲಿ ಬರುವ ಒಂದೂ ಅದರಲ್ಲಿಲ್ಲ. ಎಲ್ಲದರಲ್ಲೂ ಸರಿಯುತ್ತರಕ್ಕೆ ‘ಸಹ’.

“ಹೇಳಿಕೆ ಅನ್ನೋದು ಒಂಟಿಯಾಗಿ ನಿಲ್ಲಲ್ಲ ಮರೀ. ಅದರ ಜೊತೆ ಹೇಳದೆ ಇರೋ ಇನ್ನೊಂದು ವಿಷಯ ನಿಂತಿರುತ್ತೆ. ಆ ಜೊತೆಗಾರನೇ ಊಹೆ. ಜೊತೆ ಅನ್ನೋದಕ್ಕೆ ನಮ್ಮ ಭಾಷೇಲಿ ಏನಂತಾರೆ? ಸಹಪಾಠಿ, ಸಹವಾಸ, ಸಹಪಂಕ್ತಿ. ಅದಕ್ಕೇ ನೋಡು, ನಿಜವಾದ ಊಹೆ ಇರೋ ಕಡೆ ‘ಸಹ’ ತಾನಾಗೇ ಬಂದುಬಿಡುತ್ತೆ.”

ತಂಗಿ ಪೆನ್ಸಿಲ್ಲಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೇಳಿದಳು. “ಇದು ಯಾವ ಪುಸ್ತಕದಲ್ಲಿದೆ ಅಣ್ಣ?”

“ಪುಸ್ತಕದಲ್ಲಿಲ್ಲ. ಅನುಭವ.”

“ಹೌದಾ?” ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಹೇಳಿದವನು ಅಣ್ಣ. ನಾಲ್ಕು ಪ್ರಶ್ನೆ ಮಾಡಿದಳು, ನಾಲ್ಕೂ ಸರಿ. ಮಾರನೆಯ ದಿನ ಮತ್ತೆ ನಾಲ್ಕು, ನಾಲ್ಕೂ ಸರಿ. ಮೂರು ವರ್ಷದಿಂದ ತಪ್ಪು ಮಾಡಿ ಮಾಡಿ ಕುಗ್ಗಿದವಳಿಗೆ ಅದೆಷ್ಟು ಸಂತೋಷವಾಯಿತೆಂದರೆ ಅಡುಗೆಮನೆಗೆ ಓಡಿ ಅಮ್ಮನಿಗೆ ಹಾಳೆ ತೋರಿಸಿ ಬಂದಳು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಅವನು ನೋಡಿಯೂ ನೋಡದವನಂತೆ ಇದ್ದ.

ಹಾಳೆಗಳ ವಿಷಯದಲ್ಲಿ ಅವನು ಬಹಳ ಬಿಗಿ. ಕಚೇರಿಯ ಯಂತ್ರದಲ್ಲಿ ಏನನ್ನೂ ಟೈಪು ಮಾಡಲಿಲ್ಲ, ಎಲ್ಲವೂ ಕೈಬರಹ. ರಾತ್ರಿ ಕೊಟ್ಟ ಹಾಳೆಯನ್ನು ಅವಳು ಮಾರನೆಯ ದಿನ ಗ್ರಂಥಾಲಯಕ್ಕೆ ಒಯ್ದು, ಬಿಡುವಿನಲ್ಲಿ ಬಿಡಿಸಿ, ಸಂಜೆ ವಾಪಸು ಕೊಡಬೇಕು. ಅವನು ತಿದ್ದಿ, ಮರುದಿನ ಬೆಳಿಗ್ಗೆ ಬಚ್ಚಲಿನ ಬಕೆಟ್ಟಿನಲ್ಲಿ ನೆನೆಸಿ, ಹಿಸುಕಿ, ಮುದ್ದೆ ಮಾಡಿ ಕಸಕ್ಕೆ ಹಾಕುತ್ತಿದ್ದ. ನಲವತ್ತು ಕೊಟ್ಟ, ನಲವತ್ತು ಎಣಿಸಿ ತೆಗೆದುಕೊಂಡ.

ಊಹೆ ಸರಿಯೋ ಅಲ್ಲವೋ ನೋಡಲು ಕಸುಬಿನಲ್ಲಿ ಒಂದು ಪರೀಕ್ಷೆಯಿದೆ. ಊಹೆಯನ್ನು ಉಲ್ಟಾ ಮಾಡಬೇಕು, ಆಗ ಹೇಳಿಕೆ ಕುಸಿದರೆ ಅದೇ ಅಡಗಿದ್ದ ಊಹೆ. ಕೊನೆಯ ವಾರ ಅವನು ತನ್ನ ಯೋಜನೆಗೇ ಆ ಪರೀಕ್ಷೆ ಹಚ್ಚಿದ. ಮೇಡಂ ‘ಸಹ’ವನ್ನು ತಿದ್ದಿದರೆ? ತಿದ್ದಿಲ್ಲ, ಕಣ್ಣಾರೆ ನೋಡಿಯಾಗಿದೆ. ಯಂತ್ರ ಕಲಸಿದರೆ? ಕಲಸಲಿ. ಹಾಳೆ ಯಾರ ಕೈಗಾದರೂ ಸಿಕ್ಕರೆ? ಹಾಳೆಯೇ ಇಲ್ಲ. ತಂಗಿ ಯಾರಿಗಾದರೂ ಹೇಳಿದರೆ? ಪುಸ್ತಕದಲ್ಲಿಲ್ಲದ ನಿಯಮ, ಹೇಳಿದರೆ ನಕ್ಕಾರು ಎಂದು ಅವಳಿಗೆ ಹೇಳಿಯಾಗಿದೆ. ಅವಳನ್ನು ಹಿಡಿದು ಕೇಳಿದರೆ? ಒಪ್ಪಿಕೊಳ್ಳಲು ಅವಳ ಹತ್ತಿರ ಏನೂ ಇಲ್ಲ, ಅವಳು ತಪ್ಪೇ ಮಾಡಿಲ್ಲ. ಎಲ್ಲ ಉಲ್ಟಾ ಮಾಡಿದರೂ ಯೋಜನೆ ಕುಸಿಯಲಿಲ್ಲ. ತಪ್ಪು ಮಾಡಿದವನೆಂಬ ಅಳುಕಿಗಿಂತ ಒಳ್ಳೆಯ ಪ್ರಶ್ನೆ ಬರೆದವನ ಹೆಮ್ಮೆಯೇ ಅವನಲ್ಲಿ ಹೆಚ್ಚಾಗಿತ್ತು ಎಂದರೆ ಅದು ನಿಜ, ಮುಚ್ಚಿಡುವುದೇಕೆ?

ಪರೀಕ್ಷೆ ಮುಗಿಸಿ ಬಂದ ತಂಗಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು. “ಅಣ್ಣಾ, ನಿನ್ನ ನಿಯಮ ಅಲ್ಲೂ ಹಾಗೇ ಇತ್ತು!”

“ಇರುತ್ತೆ ಅಂತ ಹೇಳಲಿಲ್ವಾ?”

“ನಾನು ಒಂದು ಕೆಲಸ ಮಾಡಿದೆ. ಮೊದಲು ನಿಯಮ ಮರೆತು ನನ್ನ ತಲೆಯಿಂದಲೇ ಮಾಡಿದೆ, ಪೆನ್ಸಿಲಲ್ಲಿ ಚುಕ್ಕೆ ಇಟ್ಟುಕೊಂಡು. ಆಮೇಲೆ ‘ಸಹ’ ನೋಡಿಕೊಂಡು ಬಂದೆ. ಹದಿನಾರು ಹೊಂದಿಕೊಂಡವು ಅಣ್ಣ! ಉಳಿದ ನಾಲ್ಕಕ್ಕೆ ನಿಯಮದ ಪ್ರಕಾರ ಹಾಕಿದೆ. ದಿನಾ ನಾಲ್ಕು ಮಾಡಿ ಮಾಡಿ ತಲೇಗೆ ಹತ್ತಿಬಿಟ್ಟಿದೆ ನೋಡು.”

ಹದಿನಾರು. ಬೇಕಾಗಿದ್ದದ್ದು ಹನ್ನೆರಡು.

ಅವನು “ಭೇಷ್” ಎಂದ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ನಿಂತ. ನೂರ ಅರವತ್ತು ಪ್ರಶ್ನೆ ಮಾಡಿದ್ದರಿಂದ ಅವಳು ಕಲಿತಿದ್ದಳು, ಅಷ್ಟೇ. ‘ಸಹ’ ಇಲ್ಲದಿದ್ದರೂ ಕಲಿಯುತ್ತಿದ್ದಳು. ಮೂರು ವರ್ಷ ಪಾಠ ಹೇಳಿದ್ದೇನೆ ಎಂದುಕೊಂಡಿದ್ದ, ಕೂರಿಸಿಕೊಂಡು ಗದರಿದ್ದು ಬಿಟ್ಟರೆ ಒಂದು ಹಾಳೆಯನ್ನೂ ಕುಳಿತು ಬರೆದುಕೊಟ್ಟಿರಲಿಲ್ಲ. ಮಾಡಬೇಕಾಗಿಯೇ ಇರದ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೂ ಇರಲಿಲ್ಲ. ಹೇಳಿದರೆ ಅವಳ ಹದಿನಾರೂ ಹೋಗುತ್ತದೆ. ಸುಮ್ಮನಿದ್ದರೆ ಆ ಹದಿನಾರು ಅವಳದೇ ಎಂದು ಯಾವತ್ತಿಗೂ ಹೇಳಲಾಗುವುದಿಲ್ಲ. ಮುಖ ಒರೆಸಿಕೊಂಡು ಹೊರಗೆ ಬಂದ.

ಮೂರು ವಾರಕ್ಕೆ ತಾತ್ಕಾಲಿಕ ಉತ್ತರಗಳು ಪ್ರಕಟವಾದವು. ತಂಗಿ ತನ್ನ ಪತ್ರಿಕೆ ಹಿಡಿದು ತಾಳೆ ನೋಡಿದಳು. ತರ್ಕದಲ್ಲಿ ಹತ್ತೊಂಬತ್ತು. ಚಿಕ್ಕಮ್ಮ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಹೋದಳು. ಆ ಕೈ ಅಷ್ಟು ಭಾರವೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಂಗಿ ಮಾತ್ರ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು.

“ಏನು ಮರೀ?”

“ಏನಿಲ್ಲ. ನೀನು ಅಲ್ಲೇ ಕೆಲಸ ಮಾಡೋನು, ಪರೀಕ್ಷೆ ವಿಷಯ ನಿನ್ನ ಹತ್ರ ಮಾತಾಡೋದು ಸರಿಯಲ್ಲ.” ಹಾಳೆ ಮಡಚಿ ಎದ್ದಳು.

ಅವಳ ಪ್ರಾಮಾಣಿಕತೆಯೇ ತನಗೆ ಕಾವಲು ಎಂದುಕೊಂಡು ಅವನು ನಿಟ್ಟುಸಿರು ಬಿಟ್ಟ.

ಉತ್ತರಗಳು ಬಂದ ಮೇಲೆ ಆಕ್ಷೇಪಣೆಗೆ ಒಂದು ವಾರ. ಅದು ಮುಗಿದ ಮರುದಿನ ಬೆಳಿಗ್ಗೆ ಹತ್ತೂವರೆಗೆ ಪ್ರಶ್ನೆಕಾರನೂ ಮುಖ್ಯ ಪರಿಶೀಲಕರೂ ಎದುರುಬದುರು ಕುಳಿತು ಬಂದ ಆಕ್ಷೇಪಣೆಗಳನ್ನು ಒಂದೊಂದಾಗಿ ಓದಿ ಉತ್ತರ ಬರೆಯಬೇಕು. ಹೆಸರು ಇರುವುದಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಅವನಿಗೆ ಇದು ಹನ್ನೊಂದು ವರ್ಷದ ಅಭ್ಯಾಸ. ಆಕ್ಷೇಪಿಸುವವರೆಲ್ಲ ಒಂದೆರಡು ಅಂಕಕ್ಕೆ ತಪ್ಪಿಹೋದವರು, ಹೊಟ್ಟೆಯುರಿಗೆ ಬರೆದದ್ದು, ಕಣ್ಣೀರಿಗೆ ಬರೆದದ್ದು. ಗೆದ್ದವರು ಯಾರೂ ಆಕ್ಷೇಪಿಸುವುದಿಲ್ಲ, ಗೆದ್ದ ಮೇಲೆ ಏನಿದೆ ಆಕ್ಷೇಪಿಸಲು?

ಆರು ಆಕ್ಷೇಪಣೆ ಚಹಾ ಆರುವುದರೊಳಗೆ ಮುಗಿದವು. ಏಳನೆಯದನ್ನು ಮೇಡಂ ಕೈಗೆತ್ತಿಕೊಂಡಾಗ, ಕಾಗದದ ಹಿಂಬದಿಯಿಂದಲೇ ಕಾಣುತ್ತಿದ್ದ ದುಂಡನೆಯ ಅಕ್ಷರ ನೋಡಿ ಅವನು ಚಹಾದ ಲೋಟ ಕೆಳಗಿಟ್ಟ. ಗ್ರಂಥಾಲಯದ ಒಂಬತ್ತು ವರ್ಷದ ಪುಸ್ತಕಗಳ ಬೆನ್ನ ಮೇಲೆ ಅಂಟಿದ್ದ ಅಕ್ಷರ ಅದು.

“ಓ, ಇದು ನನ್ನ ಮೀಸಲು ಪ್ರಶ್ನೆ ಮೇಲೆ ಬಂದಿರೋದು,” ಎಂದರು ಮೇಡಂ, ಕನ್ನಡಕ ಸರಿಮಾಡಿಕೊಳ್ಳುತ್ತ. ತಡಮಾಡಿದ ಓದುಗರಿಗೆ ಗ್ರಂಥಾಲಯ ನೆನಪೋಲೆ ಕಳಿಸಬೇಕು ಎಂಬ ಹೇಳಿಕೆ. ನೆನಪಿಸಿದರೆ ಓದುಗರು ಪುಸ್ತಕ ಹಿಂದಿರುಗಿಸುತ್ತಾರೆ ಎಂಬ ಒಂದನೆಯ ಆಯ್ಕೆಯೇ ಉತ್ತರ. ಮೂರನೆಯ ಆಯ್ಕೆ, ‘ನೆನಪೋಲೆ ಪಡೆದವರು ಸಹ ತಡಮಾಡುತ್ತಾರೆ’. ಆಕ್ಷೇಪಣೆಯನ್ನು ಅವರು ಗಟ್ಟಿಯಾಗಿ ಓದಿದರು.

“‘ಮಾನ್ಯರೇ, ಈ ಪ್ರಶ್ನೆಗೆ ಮೂರನೆಯದೇ ಸರಿಯಾದ ಉತ್ತರವಾಗಬೇಕು. ಈ ಅಂಕ ನನಗೆ ಬೇಕಾಗಿಲ್ಲ, ಇದಿಲ್ಲದೆಯೂ ನಾನು ತೇರ್ಗಡೆಯಾಗುತ್ತೇನೆ. ಆದರೆ ನಿಯಮವನ್ನು ನಂಬಿ ಬರೆದ ಬೇರೆಯವರು ಒಂದಂಕಕ್ಕೆ ಸೋಲಬಾರದು, ಒಂದಂಕಕ್ಕೆ ಸೋಲುವುದು ಏನೆಂದು ನನಗೆ ಗೊತ್ತು. ನನ್ನ ಬುದ್ಧಿಗೂ ಮೊದಲು ಒಂದನೆಯದೇ ಸರಿಯೆನ್ನಿಸಿತ್ತು. ಆದರೆ ಅಡಗಿದ ಊಹೆಯಲ್ಲಿ ‘ಸಹ’ ಬರುತ್ತದೆ ಎಂಬುದು ನಿಯಮ. ಇದೇ ಪತ್ರಿಕೆಯ ಉಳಿದ ಹತ್ತೊಂಬತ್ತು ಪ್ರಶ್ನೆಗಳಲ್ಲೂ ಹಾಗೆಯೇ ಇದೆ, ದಯವಿಟ್ಟು ನೋಡಿ.’”

ಮೇಡಂ ನಕ್ಕರು. “ಪಾಪ, ಯಾರೋ ತಲೆಗೆ ತುಂಬಿದಾರೆ.” ಆದರೂ ನೋಡಿ ಎಂದಿದ್ದರಿಂದ ನೋಡಿದರು. ಪತ್ರಿಕೆ ಎಳೆದುಕೊಂಡು ಒಂದನೆಯ ಪ್ರಶ್ನೆಯ ‘ಸಹ’ಕ್ಕೆ ಕೆಂಪು ಸುತ್ತು ಹಾಕಿದರು. ಎರಡನೆಯದಕ್ಕೆ ಹಾಕಿದರು. ಏಳಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ಹತ್ತೊಂಬತ್ತನೆಯ ಸುತ್ತು ಹಾಕಿ ಪೆನ್ನು ಕೆಳಗಿಟ್ಟರು.

“ಊಹೆರಾಯರೇ, ಏನಿದು?”

“ಬರೆಯೋನ ಚಾಳಿ ಮೇಡಂ,” ಎಂದ ಅವನು. “ಒಂದೇ ಕೋಣೇಲಿ ಐದು ದಿನ ಕೂತು ಬರೆದದ್ದು. ಒಂದು ಮಾತು ಕೈಗೆ ಅಂಟಿಕೊಂಡುಬಿಡುತ್ತೆ. ಇದನ್ನು ಬರೆದವರು ಸೂಕ್ಷ್ಮ, ಪರೀಕ್ಷೆ ಮುಗಿದ ಮೇಲೆ ಕಂಡುಹಿಡಿದಿದಾರೆ. ಅದನ್ನೇ ನಿಯಮ ಅಂದ್ಕೊಂಡಿದಾರೆ.”

ಮೇಡಂ ಪತ್ರಿಕೆಯನ್ನು ಬದಿಗೆ ಸರಿಸಿದರು. “ಇರಬಹುದು,” ಎಂದರು. “ನಿಮಗೆ ‘ಕೂಡಾ’ ಅಂಟಿಕೊಂಡ ಹಾಗೆ.” ತಿರಸ್ಕರಿಸಲಾಗಿದೆ ಎಂಬ ಮೊಹರಿಗೆ ಕೈ ಚಾಚಿದರು.

ಆಗ ಅವರಿಗೆ ಕಂಡದ್ದು ಲಗತ್ತು. ಪುರಾವೆಯಿಲ್ಲದ ಆಕ್ಷೇಪಣೆಯನ್ನು ಓದಲಾಗುವುದಿಲ್ಲ ಎಂದು ನಮೂನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎಲ್ಲರೂ ಯಾವುದೋ ಪುಸ್ತಕದ ಪುಟ ಅಂಟಿಸುತ್ತಾರೆ, ಅವನ ನಿಯಮವೋ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಡತದಲ್ಲಿ ಆ ಕಾಗದದ ಕೆಳಗೆ ದಪ್ಪ ದಾರದಿಂದ ಹೊಲಿದ ಒಂದು ಕಟ್ಟು ಇತ್ತು. ಮೇಡಂ ಮೊದಲ ಹಾಳೆ ತಿರುವಿದರು, ಹನ್ನೊಂದು ವರ್ಷದಿಂದ ತಾವು ತಿದ್ದುತ್ತ ಬಂದ ಕೈಬರಹವನ್ನು ನೋಡಿದರು, ತಲೆಯೆತ್ತಿ ಅವನನ್ನು ನೋಡಿದರು, ಎರಡನೆಯ ಹಾಳೆ ತಿರುವಿದರು. ಪ್ರತಿ ಹಾಳೆಯ ಮೂಲೆಯಲ್ಲೂ ಗ್ರಂಥಾಲಯದ ತಾರೀಖಿನ ಮೊಹರು, ಎಲ್ಲ ಪರೀಕ್ಷೆಗೆ ಮೊದಲಿನವು. ಹೊರಗೆ ಹೋಗಬೇಕಾದ ಯಾವ ಕಾಗದವನ್ನೂ ಮೊದಲು ಒಂದು ನೆರಳಚ್ಚು ತೆಗೆದು, ಮೊಹರು ಹಾಕಿ ಇಟ್ಟುಕೊಳ್ಳದೆ ಗ್ರಂಥಾಲಯದವರು ಬಿಡುವುದಿಲ್ಲ. ಒಂಬತ್ತು ವರ್ಷ ಅವಳು ಮಾಡಿದ್ದೇ ಆ ಕೆಲಸ. ಅವನು ಬಕೆಟ್ಟಿನಲ್ಲಿ ಹಿಸುಕಿದ್ದೆಲ್ಲ ಅವಳು ಸಂಜೆ ವಾಪಸು ತಂದುಕೊಟ್ಟದ್ದನ್ನು ಮಾತ್ರ. ಕಟ್ಟಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಮೇಡಂ ಅವನತ್ತ ತಿರುಗಿಸಿ ಮೇಜಿನ ಮೇಲೆ ತಳ್ಳಿದರು. ದುಂಡನೆಯ ಅಕ್ಷರ, ಎಂದಿನಂತೆ ಒಂದೂ ತಪ್ಪಿರಲಿಲ್ಲ. ‘ಮೂಲ: ನಮ್ಮ ಅಣ್ಣನ ಕೈಬರಹ. ಹಾಳೆಗಳು: ನಲವತ್ತು. ಸ್ಥಿತಿ: ಒಂದೂ ಕಳೆದಿಲ್ಲ.’